ಅಥ ಪರಗೃಹವಾಸ ಪ್ರಕರಣಂ

ಬಾಡಿಗೆ ಕೊಡದೆ ಪರರ ಮನೆಯಲ್ಲಿ ಉಂಡು ಬೆಳೆಯುವ ಜೀವಿಗಳಲ್ಲಿ ಯೂರೋಪಿನ ‘ಲಾರ್ಜ್ ಬ್ಲೂ’ ಚಿಟ್ಟೆಯ ಕಂಬಳಿಹುಳುವಿಗೆ ಅಗ್ರಪೂಜೆ ಸಲ್ಲತಕ್ಕದ್ದು. ಬಾಲ್ಯದಲ್ಲಿ ಅದು ಶುದ್ಧ ಸಸ್ಯಾಹಾರಿ ಎನ್ನಬಹುದಿತ್ತು. ಎರಡು-ಮೂರು ವಾರ ಕಾಡು ಥೈಮ್ ಹೂವನ್ನೇ ಮೆಲ್ಲುತ್ತದೆ. (ಅದೇ ಹೂವಿನಲ್ಲಿ ಒಡಹುಟ್ಟು ಸಿಕ್ಕರೆ ತಿನ್ನುವುದೂ ಉಂಟು. ಅದು ಕುಟುಂಬದ ಆಂತರಿಕ ವಿಚಾರ.) ನಂತರ ಒಂದು ಮುಸ್ಸಂಜೆ ನೆಲಕ್ಕುದುರಿ, ಕೈಕಾಲು ಆಡಿಸದೆ ಬಿದ್ದುಕೊಳ್ಳುತ್ತದೆ.

ಮಿರ್ಮಿಕಾ ಕುಲದ ಕೆಂಪಿರುವೆಯೊಂದು ಬಂದು ಮೀಸೆಯಿಂದ ಸವರಿದ ಕೂಡಲೇ ಹುಳುವಿನ ಬೆನ್ನಿನ ಗ್ರಂಥಿಯಲ್ಲಿ ಸಿಹಿ ಹನಿ ಒಸರುತ್ತದೆ. ಇರುವೆ ನೆಕ್ಕುತ್ತದೆ. ಹುಳು ಮೈ ಉಬ್ಬಿಸಿ ಸೆಟೆಯುತ್ತದೆ. ದಾರಿತಪ್ಪಿದ ತನ್ನದೇ ಮರಿಯೆಂದು ಬಗೆದು ಇರುವೆ ಅದನ್ನು ಕಚ್ಚಿಕೊಂಡು ಗೂಡಿಗೆ ಹೊರಡುತ್ತದೆ.

ಪೂರ್ವಪಕ್ಷ: ಇರುವೆಗೆ ಕಣ್ಣಿಲ್ಲವೇ? ಸಿದ್ಧಾಂತ: ಇದೆ, ಆದರೆ ಕಗ್ಗತ್ತಲ ಗೂಡಿನಲ್ಲಿ ನೆಂಟಸ್ತನ ತೀರ್ಮಾನವಾಗುವುದು ವಾಸನೆಯಿಂದ, ಹುಳು ಅದನ್ನೇ ನಕಲು ಮಾಡುತ್ತದೆ.

ಒಳಹೊಕ್ಕ ಮೇಲೆ ಎರಡು ಪಂಥಗಳು. ಲಾರ್ಜ್ ಬ್ಲೂ ಭಕ್ಷಕ ಪಂಥದ್ದು. ಪಕ್ಕದ ಕೋಣೆಯಲ್ಲಿ ಮಲಗಿ, ಹಸಿದಾಗ ಎದ್ದು ಬಂದು ಇರುವೆ ಮರಿಗಳನ್ನು ತಿನ್ನುತ್ತದೆ. ದಪ್ಪ ಮರಿಗಳಿಗೆ ಮೊದಲ ಸರದಿ, ಸಣ್ಣವು ಬೆಳೆಯಲಿ ಎಂಬ ಮುಂದಾಲೋಚನೆಯಿದ್ದಂತೆ. ಹತ್ತು ತಿಂಗಳೋ ಎರಡು ವರ್ಷವೋ ಹೀಗೆ ನಡೆದು, ಅದರ ಅಂತಿಮ ತೂಕದ ಶೇ. 98ಕ್ಕೂ ಹೆಚ್ಚು ಪಾಲು ಗೂಡಿನಲ್ಲೇ ಕೂಡುತ್ತದೆ. ಅದರ ದಾಯಾದಿ ರೆಬೆಲಿ ಪೋಷ್ಯ ಪಂಥದ್ದು, ಅಪ್ಪಟ ಮನೆಅಳಿಯ. ಇರುವೆಗಳೇ ಬಾಯಿಗೆ ತುತ್ತಿಡುತ್ತವೆ. ಸಾಲದ್ದಕ್ಕೆ ಅದು ರಾಣಿ ಇರುವೆಯ ಸದ್ದನ್ನೇ ಹೊರಡಿಸುತ್ತದೆಂದು 2009ರಲ್ಲಿ ಸಾಬೀತಾಯಿತು. ಗೂಡಿಗೆ ಆಪತ್ತು ಬಂದರೆ ಇರುವೆಗಳು ಸ್ವಂತ ಮಕ್ಕಳನ್ನು ಬಿಟ್ಟು ಮೊದಲು ಇದನ್ನು ಸಾಗಿಸುತ್ತವೆ.

ಕರ್ಮಫಲವೂ ಇಲ್ಲದಿಲ್ಲ. ಇಕ್ನ್ಯುಮಾನ್ ಯೂಮೆರಸ್ ಎಂಬ ಕಣಜ ಗೂಡು ಹೊಕ್ಕು, ರಾಸಾಯನಿಕ ಸೂಸಿ ಇರುವೆಗಳು ತಮ್ಮತಮ್ಮಲ್ಲೇ ಕಚ್ಚಾಡುವಂತೆ ಮಾಡಿ, ಆ ಗದ್ದಲದಲ್ಲಿ ಮನೆಅಳಿಯನ ಮೈಯೊಳಗೆ ಮೊಟ್ಟೆಯಿಟ್ಟು ಹೋಗುತ್ತದೆ.

ಬ್ರಿಟನ್ನಿನಲ್ಲಿ ಲಾರ್ಜ್ ಬ್ಲೂ 1979ರಲ್ಲಿ ನಿರ್ನಾಮವಾಯಿತು. ದೂರು ಚಿಟ್ಟೆ ಸಂಗ್ರಾಹಕರ ಮೇಲಿತ್ತು; ಬೇಲಿಯನ್ನೂ ಹಾಕಿದ್ದರು. ಕೀಟವಿಜ್ಞಾನಿ ಜೆರೆಮಿ ಥಾಮಸ್ ಕಂಡುಕೊಂಡ ಕಾರಣ ಬೇರೆ. 1950ರ ದಶಕದ ಮಿಕ್ಸೊಮಟೋಸಿಸ್ ರೋಗಕ್ಕೆ ಮೊಲಗಳು ಸತ್ತವು, ಮೇಯುವವರಿಲ್ಲದೆ ಹುಲ್ಲು ಬೆಳೆಯಿತು, ನೆಲ ತಂಪಾಯಿತು, ಬಿಸಿಲು ಬೇಡುವ ಮಿರ್ಮಿಕಾ ಸಬುಲೆಟಿ ಇರುವೆ ಕಾಲ್ಕಿತ್ತಿತು. ಆತಿಥೇಯರಿಲ್ಲದೆ ಅತಿಥಿ ಉಪವಾಸ ಬಿತ್ತು. ಹಾಗಾಗಿ ದನಕರು ಮೇಯಿಸಿ ಹುಲ್ಲು ತಗ್ಗಿಸಿ, 1983ರಿಂದ ಸ್ವೀಡನ್ನಿನ ಸಂತತಿಯನ್ನು ತರಿಸಿ ಬಿಡಲಾಯಿತು. ಚಿಟ್ಟೆ ಈಗ ಅಲ್ಲಿ ಮತ್ತೆ ಹಾರುತ್ತಿದೆ. ಊಟದ ಖರ್ಚು ಮಾತ್ರ ಮೊದಲಿನಂತೆಯೇ ಇರುವೆಗಳ ಲೆಕ್ಕಕ್ಕೆ.