ಬಸ್ಕಿಯವರೂ ಬಾರ್ಬೆಲ್ಲಿನವರೂ

ಮಗ್ಗಿ ಮರೆತವರಿಗೆ ಮೇಷ್ಟ್ರು ಪುಕ್ಕಟೆಯಾಗಿ ಹೊಡೆಸುತ್ತಿದ್ದ ಬಸ್ಕಿಗೆ ಈಗ ತಿಂಗಳ ಫೀಸು ಕಟ್ಟುವ ಕಾಲ. ಫೀಸು ಕಟ್ಟಿದ ಮೇಲೆ ಮತಭೇದ ಹುಟ್ಟಬೇಡವೇ? ಹುಟ್ಟಿದೆ. ನಮ್ಮ ಬಳಗದಲ್ಲೇ ಅಕ್ಕನ ಮಗ ಕಬ್ಬಿಣದ ಪಕ್ಷ, ಷಡ್ಡಕರು ಮೈಭಾರದ ಪಕ್ಷ. ಹುಡುಗ ಜಿಮ್ಮಿನ ಕನ್ನಡಿಗೆ ಎದುರಾಗಿ ನಿಂತು ಡಂಬೆಲ್ ಎತ್ತುತ್ತಾನೆ; ಎತ್ತುವುದಕ್ಕಿಂತ ಫೋಟೊ ತೆಗೆಯುವ ಸೆಟ್ಟುಗಳೇ ಜಾಸ್ತಿ. ಷಡ್ಡಕರು ತಾರಸಿಯ ಮೇಲೆ ದಂಡ ಹೊಡೆದು ಕೆಳಗಿಳಿದು, "ದೇವರು ಕೊಟ್ಟ ಮೈ ಇರುವಾಗ ಕಬ್ಬಿಣ ಯಾತಕ್ಕಯ್ಯಾ?" ಎಂದು ಪ್ರವಚನ ಶುರು ಮಾಡುತ್ತಾರೆ. ಇಬ್ಬರೂ ಕೂಡಿದರೆ ಕಾಫಿ ಆರಿ ತಣ್ಣಗಾಗುವುದು ಗ್ಯಾರಂಟಿ.

ಅಂಥದೊಂದು ವಾದದ ನಡುವೆಯೇ ಗ್ಯಾಸ್ ಸಿಲಿಂಡರ್ ಬಂತು. ನಮ್ಮದು ಎರಡನೇ ಮಹಡಿ, ಲಿಫ್ಟಿಲ್ಲ. 14.2 ಕಿಲೊ ಗ್ಯಾಸು, ಹೆಚ್ಚೂಕಡಿಮೆ ಅಷ್ಟೇ ತೂಕದ ಕಬ್ಬಿಣ, ಅಂತೂ 30 ಕಿಲೊ ಆಸುಪಾಸು. "ನಿನ್ನೆ ತಾನೇ ಬ್ಯಾಕ್ ಡೇ ಆಯ್ತು ಮಾವ, ಇವತ್ತು ರೆಸ್ಟು" ಎಂದ ಹುಡುಗ. ಷಡ್ಡಕರಿಗೆ ತಕ್ಷಣ ಯಾವುದೋ ಫೋನು ನೆನಪಾಯಿತು. ತಂದವನು ಇಬ್ಬರನ್ನೂ ನೋಡಿ ನಕ್ಕ. ಸಿಲಿಂಡರನ್ನು ಓರೆ ಮಾಡಿ, ಬುಡದ ಬಳೆಯ ಮೇಲೆ ಗರಗರ ಉರುಳಿಸುತ್ತ ಮೆಟ್ಟಿಲವರೆಗೆ ತಂದ. ಮಂಡಿ ಬಗ್ಗಿಸಿದ, ತೊಡೆಗೆ ಆನಿಸಿದ, ಒಂದು ದಮ್ಮಿಗೆ ಹೆಗಲಿಗೇರಿಸಿ ಹತ್ತಿಯೇಬಿಟ್ಟ. ಬೆನ್ನು ಎಲ್ಲೂ ಗೂನಾಗಲಿಲ್ಲ. ಡೆಡ್‌ಲಿಫ್ಟ್ ಹೆಸರಲ್ಲಿ ಜಿಮ್ಮಿನವರು ಕಲಿಸುವುದೂ ಇದನ್ನೇ. ಅಲ್ಲಿ ಹಾಡು ಜೋರಾಗಿರುತ್ತದೆ, ಅಷ್ಟೇ.

ಸ್ನಾಯುವಿಗೆ ಪಕ್ಷ ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಭಾರ ಮಾತ್ರ. ಪುಷ್ ಅಪ್ ಹೊಡೆಯುವಾಗ ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು ಕೈಗಳ ಮೇಲೆ ಬೀಳುತ್ತದೆ. 75 ಕಿಲೊದ ಆಸಾಮಿ ಕಾಸು ಖರ್ಚಿಲ್ಲದೆ 50 ಕಿಲೊ ತಳ್ಳಿದ ಹಾಗಾಯಿತು. ಷಡ್ಡಕರ ತಕರಾರು ಅಲ್ಲಿಗೆ ಸರಿ. ಆದರೆ ಆರು ತಿಂಗಳಾದ ಮೇಲೂ ಅದೇ 50! ಮೈ ಪಳಗಿಬಿಡುತ್ತದೆ. ಆಮೇಲೆ ಎಣಿಕೆ ಏರಿದಂತೆ ದಮ್ಮು ಬೆಳೆಯುತ್ತದೆ, ಶಕ್ತಿ ಅಷ್ಟಾಗಿ ಬೆಳೆಯುವುದಿಲ್ಲ. ಕಾಲನ್ನು ಬೆಂಚಿನ ಮೇಲಿಡಿ, ಒಂಟಿ ಕಾಲಲ್ಲಿ ಬಸ್ಕಿ ಹೊಡೆಯಿರಿ ಎಂದರೆ "ಈ ವಯಸ್ಸಿಗೆ ಸರ್ಕಸ್ಸೇ?" ಅನ್ನುತ್ತಾರೆ. ಇನ್ನು ಬರಿಯ ನೆಲದ ಮೇಲೆ ಎಷ್ಟು ಹೊಡೆದರೂ ಎಳೆಯುವ ಕೆಲಸ ಸಿಗದು. ಅದಕ್ಕೆ ಜೋತುಬೀಳಲು ಒಂದು ಕಂಬಿ ಬೇಕೇ ಬೇಕು. ಷಡ್ಡಕರ ಮನೆಯ ಕಂಬಿಯ ಮೇಲೆ ಸದ್ಯ ಟವೆಲ್ಲು ಒಣಗುತ್ತಿದೆ.

ಕಬ್ಬಿಣದವರ ಹೆಚ್ಚುಗಾರಿಕೆ ಇರುವುದು ಇಲ್ಲೇ. ಬಾರಿನ ಎರಡೂ ತುದಿಗೆ ಒಂದೂಕಾಲು ಕಿಲೊದ ಪ್ಲೇಟು ಸಿಕ್ಕಿಸಿ ಇವತ್ತಿಗಿಂತ ನಾಳೆ ಎರಡೂವರೆ ಕಿಲೊ ಜಾಸ್ತಿ ಎತ್ತಬಹುದು. ಒಂದು ಪುಷ್ ಅಪ್ಪೂ ಆಗದ ಅಜ್ಜಿಗೆ ಒಂದು ಕಿಲೊ ಡಂಬೆಲ್ ಕೊಡಬಹುದು, ಹೊಟ್ಟೆ ಬೆಳೆಸಿಕೊಂಡವನ ಮೈಯನ್ನು ಕಡಿಮೆ ಮಾಡಿ ಕೊಡಲಾದೀತೇ? ಆದರೆ ನಮ್ಮ ಹುಡುಗ ಬಾರ್ಬೆಲ್ಲಿನ ಹತ್ತಿರ ಸುಳಿಯುವುದು ಕಡಿಮೆ. ಬೆನ್ನಿಗೆ ಮೆತ್ತೆ ಇರುವ ಮೆಷಿನ್ನುಗಳೇ ಅವನಿಗೆ ಇಷ್ಟ. ಕೂತಲ್ಲೇ ಶಕ್ತಿ, ಸಮತೋಲದ ಗೋಜೇ ಇಲ್ಲ. ಮೈಯನ್ನು ಸಂಭಾಳಿಸುವ ವಿದ್ಯೆ ಮಾತ್ರ ಆ ಮೆತ್ತೆಗೆ ಹೋಯಿತು.

ಗರಡಿಮನೆಯಲ್ಲಿ ಈ ಜಗಳವೇ ಇರಲಿಲ್ಲ. ಮಟ್ಟಿಯಲ್ಲಿ ದಂಡ, ಬಸ್ಕಿ ಹೊಡೆದ ಪೈಲ್ವಾನನೇ ಗದೆ ತಿರುಗಿಸಿದ, ಕಲ್ಲುಗುಂಡೂ ಎತ್ತಿದ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಈಗಲೂ ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವವರಿದ್ದಾರೆ. ಬೆಂಗಳೂರಿನ ಕೆ. ವಿ. ಅಯ್ಯರ್ ಬಾರ್ಬೆಲ್ಲನ್ನೂ ಕಲಿಸಿದರು, ಹಠಯೋಗ, ಸೂರ್ಯನಮಸ್ಕಾರಗಳನ್ನೂ ಕಲಿಸಿದರು. 1930ರಲ್ಲಿ 'ಮಸಲ್ ಕಲ್ಟ್' ಬರೆದ ಅದೇ ಕೈ 'ಶಾಂತಲಾ' ಕಾದಂಬರಿಯನ್ನೂ ಬರೆಯಿತು. ಇವತ್ತಿನ ಟ್ರೇನರುಗಳು ಬರೆಯುವುದು ಡಯಟ್ ಚಾರ್ಟು, ಅದೂ ಎಲ್ಲರಿಗೂ ಒಂದೇ.

ವಿಶ್ವ ಆರೋಗ್ಯ ಸಂಸ್ಥೆ ಕೇಳುವುದಾದರೂ ಎಷ್ಟು? ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅನ್ನುತ್ತದೆ. ಕಬ್ಬಿಣದಿಂದಲೋ ಮೈಯಿಂದಲೋ ಎಂದು ಪಟ್ಟು ಹಿಡಿಯುವುದಿಲ್ಲ. ಬ್ರೆಜಿಲಿನ ವೈದ್ಯರು 51ರಿಂದ 80 ವರ್ಷದ 2 ಸಾವಿರ ಮಂದಿಯನ್ನು ನೆಲದ ಮೇಲೆ ಕೂರಿಸಿ, ಎಬ್ಬಿಸಿ, ಕೈ ಅಥವಾ ಮಂಡಿ ಊರಿದರೆ ಅಂಕ ಕಳೆದರು. ಕಡಿಮೆ ಅಂಕ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಿತ್ತೆಂದು 2012ರಲ್ಲಿ ಪ್ರಕಟಿಸಿದರು. ನಮಗೆ ಆ ಪರೀಕ್ಷೆಗೆ ವೈದ್ಯರೇ ಬೇಡ, ನೆಲದ ಪಂಕ್ತಿ ಸಾಕು. ಮಜ್ಜಿಗೆ ಮುಗಿದು ಏಳುವ ಹೊತ್ತಿಗೆ ನೋಡಬೇಕು: ಬಲಗೈ ಎಂಜಲು, ಊರುವ ಹಾಗಿಲ್ಲ. ಎಡಗೈ ಪಕ್ಕದವರ ಹೆಗಲು ಹುಡುಕುತ್ತದೆ.

ಇಬ್ಬರನ್ನೂ ಒಂದೇ ಪಂಕ್ತಿಗೆ ಕೂರಿಸಿ ತೀರ್ಪು ಕೊಟ್ಟೇಬಿಡೋಣ ಎಂದು ಮೊನ್ನೆ ಒಂದು ಗೃಹಪ್ರವೇಶದಲ್ಲಿ ಹೊಂಚು ಹಾಕಿದ್ದೆ. ನಾನು ಕೈತೊಳೆದು ಬರುವಷ್ಟರಲ್ಲಿ ಇಬ್ಬರೂ ಟೇಬಲ್ಲಿನ ಸಾಲಿನಲ್ಲಿ ಅಕ್ಕಪಕ್ಕ ಕುರ್ಚಿ ಹಿಡಿದು, ನನಗೂ ಒಂದಕ್ಕೆ ಕರವಸ್ತ್ರ ಹಾಕಿಟ್ಟಿದ್ದರು.