ಕೋವಿ ಸಿಕ್ಕಿತು, ಗುಂಡಿಗೆ ಸಿಗಲಿಲ್ಲ

ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದು, ನನ್ನಂಥ ಎಷ್ಟು ಹುಡುಗರ ಗಣಿತ ಕೆಡಿಸಿದರೋ! ‘ಬೆಳ್ಳಂದೂರಿನ ನರಭಕ್ಷಕ’ ಓದಿದ ಬೇಸಿಗೆಯಲ್ಲಿ ನಾನು ತೋಟಕ್ಕೆ ಬರಿಗೈಲಿ ಹೋದವನೇ ಅಲ್ಲ. ಹೆಗಲ ಮೇಲೆ ಅಡಿಕೆ ದಬ್ಬೆ. ನೋಡುವವರಿಗೆ ದಬ್ಬೆ, ನನಗೆ ಅದು ಆಂಡರ್ಸನ್ ಹಿಡಿದಿದ್ದ ಪಾಯಿಂಟ್ 405 ವಿಂಚೆಸ್ಟರ್. 1909ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಆಫ್ರಿಕಾದ ಸಿಂಹಗಳ ಮೇಲೆ ದಂಡೆತ್ತಿ ಹೋದಾಗ ಒಯ್ದಿದ್ದೂ ಅದೇ ಮಾದರಿ ಎಂದು ಆಮೇಲೆ ತಿಳಿದು, ದಬ್ಬೆಯ ಘನತೆ ಇನ್ನೂ ಏರಿತು. 1972ರ ವನ್ಯಜೀವಿ ಕಾಯ್ದೆ ಅಷ್ಟರಲ್ಲಾಗಲೇ ಶಿಕಾರಿಗೆ ಬಾಗಿಲು ಹಾಕಿತ್ತು. ಹುಲಿಗಳ ಪುಣ್ಯ ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ.

ಮೊನ್ನೆ ಅಟ್ಟ ಗುಡಿಸುವಾಗ ಹಳೇ ಕಂಬಳಿಯೊಳಗೆ ಅಜ್ಜನ ಕೇಪಿನ ಕೋವಿ ಸಿಕ್ಕಿತು. ಎದೆ ಸೆಟೆಸಿ ಕೆಳಗಿಳಿದವನೇ ಹೆಂಡತಿಗೆ ಪಾಠ ಶುರು ಮಾಡಿದೆ: ಮೊದಲು ನಳಿಗೆಯ ಬಾಯಿಂದ ಮಸಿ, ಮೇಲೆ ತೆಂಗಿನ ನಾರು, ಗಜದಿಂದ ಜಡಿತ; ಆಮೇಲೆ ಚರೆ, ಮತ್ತೆ ನಾರು, ಮತ್ತೆ ಜಡಿತ; ಕೊನೆಗೆ ಹಿಂದೆ ಕೇಪು ಕೂರಿಸಿ, ಕುದುರೆ ಎಳೆದು, ಗುರಿ ಹಿಡಿದು...

“ಅಷ್ಟೊತ್ತು ಹುಲಿ ಎಂತ ಮಾಡ್ತಾ ಇರ್ತದೆ?” ಎಂದಳು.

ಆಂಡರ್ಸನ್ ಇದಕ್ಕೆ ಉತ್ತರ ಬರೆದಿಟ್ಟಿಲ್ಲ. ಅಜ್ಜ ಇದರಲ್ಲಿ ಎಷ್ಟು ಹುಲಿ ಹೊಡೆದಿದ್ದರು ಎಂದು ಅಮ್ಮನನ್ನು ಕೇಳಿದೆ.

“ಹುಲಿಯಾ? ಗದ್ದೆಗೆ ಹಂದಿ ಬಂದ್ರೆ ಡಬ್ಬ ಬಡೀತಿದ್ರು. ಕೋವಿ ಹೊರಗೆ ಬರ್ತಿದ್ದಿದ್ದು ಎಲೆಕ್ಷನ್ ಬಂದಾಗ, ಸ್ಟೇಷನ್ನಿಗೆ ಒಪ್ಸೋಕೆ.”

ಸ್ಟೇಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಬಾಯಿ ಒಣಗಿತು. ಲೈಸೆನ್ಸು ಅಜ್ಜನ ಹೆಸರಲ್ಲಿ, ಅಜ್ಜ ಫೋಟೊದಲ್ಲಿ. ವಕೀಲಿಕೆ ಮಾಡುವ ಭಾವನಿಗೆ ಫೋನು ಹಚ್ಚಿ, ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಅದೊಂದು ಬೇಡವಿತ್ತು. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಉಂಟಂತೆ: ಓಬೀರಾಯನ ಕಾಲದ್ದಾಗಿರಬೇಕು, ರಿಪೇರಿ ಮಾಡಿದರೂ ಕೆಲಸಕ್ಕೆ ಬಾರದ್ದಾಗಿರಬೇಕು; ಅಂಥದ್ದಕ್ಕೆ ಲೈಸೆನ್ಸಿನ ತಂಟೆಯಿಲ್ಲ.

ಹೆಂಡತಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, “ಹಂಗಾದ್ರೆ ಇವ್ರನ್ನೂ ಮನೇಲಿ ಇಟ್ಕೊಳ್ಳಬಹುದು ಅಣ್ಣಾ” ಎಂದಳು. ಭಾವ ಆ ಕಡೆಯಿಂದ ನಕ್ಕದ್ದು ಬೀದಿಗೆಲ್ಲ ಕೇಳಿಸಿತು.

ಕೋವಿಗೆ ಮಾತ್ರ ಆ ವಿನಾಯಿತಿ ದಕ್ಕುವ ಹಾಗೆ ಕಾಣಲಿಲ್ಲ. ಅಮ್ಮ ಬತ್ತಿ ಹೊಸೆಯುವುದನ್ನು ಬಿಟ್ಟು ಎದ್ದು ಬಂದು, ನಳಿಗೆಯನ್ನು ಮಾಡಿಗೆ ತಿರುಗಿಸಿ ಕುದುರೆ ಎಳೆದು ಬಿಟ್ಟಳು. ‘ಟಕ್!’ ನಾನು ಕಂಬದ ಹಿಂದಿದ್ದೆ.

ಸ್ಟೇಷನ್ನಿಗೆ ಒಪ್ಪಿಸುವುದೆಂದು ತೀರ್ಮಾನವಾಗಿ, ಅಮ್ಮನನ್ನೂ ಕರೆದುಕೊಂಡು ಹೊರಟೆ. ಕೋವಿ ಅವಳು ಹಿಡಿದುಕೊಂಡಳು, ಛತ್ರಿ ನಾನು.