ಕೊಟ್ಟವನು ಕೋಡಂಗಿ

ಸಣ್ಣ ವ್ಯಾಪಾರಿಯ ಕಂಪ್ಯೂಟರ್ ಕೆಟ್ಟು ಕೂತರೆ ‘ಪಾಪ, ಲೆಕ್ಕವೆಲ್ಲ ಹೋಯಿತು’ ಎಂದು ಜನ ಮರುಗುತ್ತಾರೆ. ಎಲ್ಲ ಎಲ್ಲಿ ಹೋಗುತ್ತದೆ? ಹೋಗುವುದು ಅರ್ಧ, ಅದೂ ಆಯ್ದು ತೆಗೆದ ಅರ್ಧ. ಅವನು ಯಾರ್ಯಾರಿಗೆ ಕೊಡಬೇಕೋ ಆ ಬಾಬ್ತಿನ ಒಂದು ಪೈಸೆಯೂ ಅಳಿಯುವುದಿಲ್ಲ. ಬ್ಯಾಂಕಿನವರು ಕಂತಿನ ಮೆಸೇಜು ಕಳಿಸುತ್ತಾರೆ, ಚೆನ್ನೈ ಸೌಕಾರ್‌ಪೇಟೆಯ ಹೋಲ್‌ಸೇಲ್ ಸೇಠು ಬಿಲ್ ನಂಬರಿನ ಸಮೇತ ಫೋನ್ ಮಾಡುತ್ತಾನೆ, ಅಂಗಡಿಯ ಮಾಲೀಕರು ಒಂದನೇ ತಾರೀಖು ಬಾಗಿಲಲ್ಲೇ ಇರುತ್ತಾರೆ. ಅಳಿಯುವುದು ಅವನಿಗೆ ಬರಬೇಕಾದ ಬಾಕಿ ಮಾತ್ರ. ಸಾಲಕ್ಕೆ ಸರಕು ಒಯ್ದ ಗಿರಾಕಿ ‘ಅಯ್ಯೋ, ಹಾಗಾಯಿತೇ’ ಎಂದು ವಿಚಾರಿಸಿಕೊಂಡು ಹೋಗುತ್ತಾನೆ. ತಾನು ಕೊಡಬೇಕಾದದ್ದು ಎಷ್ಟೆಂದು ಹೇಳಿ ಹೋಗುವುದಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದ ನಮ್ಮ ಹಿರಿಯರು ಹಾರ್ಡ್ ಡಿಸ್ಕ್ ಕಂಡವರಲ್ಲ, ಆದರೂ ಅದು ಕೈಕೊಟ್ಟ ಮರುದಿನ ಅಂಗಡಿಯಲ್ಲಿ ಏನು ನಡೆಯುತ್ತದೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಬ್ಯಾಕಪ್ ಇಡುವುದನ್ನು ಕಂಪ್ಯೂಟರ್ ಹುಡುಗನ ಕೆಲಸವೆಂದು ತಳ್ಳಿಹಾಕುವುದು ತಪ್ಪು. ಅದು ಶುದ್ಧ ಸ್ವಾರ್ಥದ ಕೆಲಸ, ಗಲ್ಲಾದ ಮೇಲೆ ಕೂತವನೇ ಮಾಡಬೇಕಾದದ್ದು.

ಸ್ವಾರ್ಥವನ್ನು ಚೆನ್ನೈಯ ಅಂಗಡಿಕಾರನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಈ ಒಂದು ವಿಷಯದಲ್ಲಿ ಅವನು ಕರ್ಣನ ವಂಶದವನು. ಗಲ್ಲಾಪೆಟ್ಟಿಗೆಗೆ ಬೀಗ ಹಾಕುತ್ತಾನೆ, ರಸೀತಿ ಪುಸ್ತಕವನ್ನು ಬೀರುವಿನಲ್ಲಿಡುತ್ತಾನೆ, ಪಿಳ್ಳೆಯಾರ್ ಪಟವನ್ನು ಕೈಗೆಟುಕದ ಎತ್ತರಕ್ಕೆ ಏರಿಸುತ್ತಾನೆ. ಹತ್ತು ವರ್ಷದ ಲೆಕ್ಕ ಹೊತ್ತ ಸಿಪಿಯು ಮಾತ್ರ ಮೇಜಿನಡಿ, ಬರಿ ನೆಲದ ಮೇಲೆ, ಒಂದು ಪಕ್ಕ ಚಪ್ಪಲಿ, ಇನ್ನೊಂದು ಪಕ್ಕ ಬೀಪ್ ಬೀಪ್ ಎಂದು ನರಳುವ ಯುಪಿಎಸ್. ಆಯುಧಪೂಜೆಯ ದಿನ ವಿಭೂತಿ, ಕುಂಕುಮ ಹತ್ತುವುದೂ ಮಾನಿಟರಿನ ಹಣೆಗೇ, ಡೇಟಾ ಇರುವ ಡಬ್ಬಿಗಲ್ಲ. ಇನ್ನು ಈ ಊರಿನ ನೀರು. 2015ರ ಡಿಸೆಂಬರ್ ಮೊದಲ ವಾರ ಅಡ್ಯಾರ್ ನದಿ ಉಕ್ಕಿ ಸೈದಾಪೇಟೆ, ಜಾಫರ್‌ಖಾನ್‌ಪೇಟೆಗಳಿಗೆ ನುಗ್ಗಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆ ಅಂಬತ್ತೂರು ಕೈಗಾರಿಕಾ ಎಸ್ಟೇಟನ್ನು ಮುಳುಗಿಸಿತು. ನೆಲದಿಂದ ಮೇಲೇರುವ ನೀರಿಗೆ ಮೊದಲು ಸಿಗುವುದು ಯಾವುದೆಂದು ಬೇರೆ ಹೇಳಬೇಕಿಲ್ಲ. ದೇವರ ಪಟ ಒದ್ದೆಯಾಗುವುದಿಲ್ಲ. ಅದು ಪವಾಡವಲ್ಲ, ಮೊಳೆ ಹೊಡೆದ ಎತ್ತರ.

‘ನಾವೂ ಬ್ಯಾಕಪ್ ಇಟ್ಟಿದ್ದೇವೆ ಸ್ವಾಮಿ’ ಎನ್ನುವವರಿದ್ದಾರೆ. ಸಣ್ಣ ವ್ಯಾಪಾರಿಗಳ ಪಾಲಿನ ಭಗವದ್ಗೀತೆಯಾದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ನಮ್ಮ ಬೆಂಗಳೂರಿನ ಕೂಸು, 1986ರಲ್ಲಿ ಶುರುವಾದ ಕಂಪನಿಯದು. ಅದರಲ್ಲಿ ಬ್ಯಾಕಪ್ ಮಾಡುವ ಸೌಕರ್ಯವೂ ಇದೆ, ನಮ್ಮವರು ಭಕ್ತಿಯಿಂದ ಅದನ್ನು ಬಳಸುವುದೂ ಉಂಟು. ಪ್ರತಿ ಮಾತ್ರ ಸಿ ಡ್ರೈವಿನಿಂದ ಡಿ ಡ್ರೈವಿಗೆ ಹೋಗುತ್ತದೆ. ಬಹುತೇಕ ಅಂಗಡಿಗಳಲ್ಲಿ ಎರಡೂ ಒಂದೇ ಡಿಸ್ಕಿನ ಎರಡು ಪಾಲು. ಎಡಜೇಬಿನ ದುಡ್ಡನ್ನು ಬಲಜೇಬಿಗೆ ಹಾಕಿ ಬ್ಯಾಂಕಿಗೆ ಕಟ್ಟಿಬಂದೆ ಎಂದಹಾಗೆ. ಇನ್ನು ಕೆಲವರ ಪೆನ್‌ಡ್ರೈವ್ ವರ್ಷವಿಡೀ ಅದೇ ಸಿಪಿಯುವಿಗೆ ಚುಚ್ಚಿಕೊಂಡಿರುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಲೋಕದ ತುಂಬ ಫೈಲುಗಳಿಗೆ ಬೀಗ ಜಡಿದು, ಬೀಗದ ಕೈಗೆ ಮುನ್ನೂರು ಡಾಲರ್ ಬಿಟ್‌ಕಾಯಿನ್ ಕೇಳಿತು. ಅಂಥ ವೈರಸ್ಸು ಬಂದಾಗ ಚುಚ್ಚಿಕೊಂಡಿರುವ ಪೆನ್‌ಡ್ರೈವಿಗೂ ಅದೇ ಗತಿ. ಒಂದು ಮಾತು ಒಪ್ಪಬೇಕು: ನಮ್ಮ ಲೆಕ್ಕಪತ್ರಕ್ಕೆ ಇಷ್ಟು ಬೆಲೆ ಉಂಟೆಂದು ಮೊದಲು ಕಂಡುಕೊಂಡವನು ಕಳ್ಳನೇ.

ಡಿಸ್ಕ್ ಕೆಟ್ಟ ಮೇಲೆ ಎಲ್ಲರೂ ಮುಖಮಾಡುವುದು ಮೌಂಟ್ ರೋಡಿನ ಹತ್ತಿರದ ರಿಚಿ ಸ್ಟ್ರೀಟಿಗೆ. ‘ಡೇಟಾ ರಿಕವರಿ’ ಬೋರ್ಡಿನ ಕೆಳಗೆ ಕೂತ ತರುಣ ಡಿಸ್ಕನ್ನು ಕಿವಿಗೆ ಹಿಡಿದು, ಟಿಕ್ ಟಿಕ್ ಕೇಳಿಸಿಕೊಂಡು, ‘ಪಾಕಲಾಂ ಸಾರ್’ ಅನ್ನುತ್ತಾನೆ. ನೋಡೋಣ ಎಂಬ ಈ ಮಾತಿನಲ್ಲಿ ಮೋಸವಿಲ್ಲ. ಫೈಲನ್ನು ಅಳಿಸಿದಾಗ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹೋಗುವುದು ಅದರ ವಿಳಾಸ ಮಾತ್ರ. ಅದೇ ಜಾಗದಲ್ಲಿ ಬೇರೊಂದು ಬರೆಯುವತನಕ ಹೂರಣ ಅಲ್ಲೇ ಇರುತ್ತದೆ. ಸುಮ್ಮನೆ ಸ್ವಿಚ್ ಆರಿಸಿ ತಂದರೆ ಅರ್ಧ ಗೆದ್ದಂತೆ. ಆದರೆ ಸುಮ್ಮನಿರುವುದು ನಮ್ಮ ಜಾಯಮಾನವಲ್ಲ. ಮೊದಲು ಸಿಪಿಯು ಬೆನ್ನಿಗೆ ಎರಡು ತಟ್ಟುತ್ತೇವೆ, ಹತ್ತು ಸಲ ಆರಿಸಿ ಹಾಕುತ್ತೇವೆ, ಕೊನೆಗೆ ಸೋದರಳಿಯನನ್ನು ಕರೆಸಿ ಹಳೆಯದರ ಎದೆಯ ಮೇಲೆ ಹೊಸ ವಿಂಡೋಸ್ ಹಾಕಿಸುತ್ತೇವೆ. ಈಗಿನ ಎಸ್‌ಎಸ್‌ಡಿಗಳಂತೂ ಅಳಿಸಿದ ಜಾಗವನ್ನು ತಾವೇ ಗುಡಿಸಿಟ್ಟುಬಿಡುತ್ತವೆ; ಅಲ್ಲಿ ಸೋದರಳಿಯನೂ ಬೇಕಿಲ್ಲ.

ಹಾಗಾದರೆ ಕಾಗದವೇ ವಾಸಿಯಾಗಿತ್ತಲ್ಲ ಎನ್ನುವ ಹಿರಿಯರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕಾಗದ ಹಾಳೆಹಾಳೆಯಾಗಿ ಸಾಯುತ್ತದೆ, ಡಿಸ್ಕು ಒಂದೇ ಗಳಿಗೆಯಲ್ಲಿ. ಆದರೂ ನೀರಿಗೆ ಪುಸ್ತಕದ ಮೇಲೂ ದಯೆಯಿಲ್ಲ. ಹುಣಸೆಬೀಜದ ಅಂಟು, ಇದ್ದಿಲು ಬಳಿದು ಬಟ್ಟೆಯಲ್ಲಿ ಮಾಡುತ್ತಿದ್ದ ನಮ್ಮ ಹಳೆಯ ಕಡತದ ಮೇಲೆ ಬಳಪದಲ್ಲಿ ಬರೆದದ್ದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು. ಕ್ಲೌಡ್ ಇದೆಯಲ್ಲ ಎನ್ನುವ ಕಿರಿಯರ ಮಾತು ಇದಕ್ಕಿಂತ ಗಟ್ಟಿ: ಅಡ್ಯಾರ್ ಉಕ್ಕಿದರೆ ಮುಂಬಯಿಯ ಸರ್ವರಿಗೆ ಏನಾದೀತು? ಏನೂ ಆಗದು. ತೊಡಕಿರುವುದು ನಮ್ಮ ತುದಿಯಲ್ಲಿ. ಇಲ್ಲಿ ತಪ್ಪಿ ಅಳಿಸಿದ್ದನ್ನು ಕ್ಲೌಡ್ ವಿಧೇಯವಾಗಿ ಅಲ್ಲೂ ಅಳಿಸಬಹುದು. ಪಾಸ್‌ವರ್ಡ್ ಮರೆತರೆ ಓಟಿಪಿ ಹೋಗುವುದು ಕೆಲಸ ಬಿಟ್ಟುಹೋದ ಅಕೌಂಟೆಂಟನ ಮೊಬೈಲಿಗೆ. ಇರುವುದು ಬೇರೆ, ಕೈಗೆ ಸಿಗುವುದು ಬೇರೆ. 1878ರಲ್ಲಿ ಹುಟ್ಟಿದ ‘ದಿ ಹಿಂದೂ’ ಪತ್ರಿಕೆ 2015ರ ಡಿಸೆಂಬರ್ 2ರಂದು ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ಮರೈಮಲೈ ನಗರದಲ್ಲಿ ಮುದ್ರಣಾಲಯವಿತ್ತು, ನೆರೆಯಲ್ಲಿ ಕೆಲಸಗಾರರಿಗೆ ಅಲ್ಲಿಗೆ ಮುಟ್ಟಲಾಗಲಿಲ್ಲ. ಪ್ರತಿ ಎಲ್ಲೋ ಇದೆ ಎಂಬ ಸಮಾಧಾನಕ್ಕೂ ಇದೇ ಮಾತು ಸಲ್ಲುತ್ತದೆ. ಬ್ಯಾಕಪ್ಪನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡದವನು ನಂಬಿಕೆಯ ಮೇಲೆ ಬದುಕುತ್ತಿದ್ದಾನೆ. 2011ರಿಂದ ವಿಶ್ವ ಬ್ಯಾಕಪ್ ದಿನವೆಂದು ಒಂದು ಆಚರಣೆಯೂ ಇದೆ, ಮಾರ್ಚ್ 31ಕ್ಕೆ. ಆ ದಿನ ನಮ್ಮ ವ್ಯಾಪಾರಿ ಆಡಿಟರ್ ಕಚೇರಿಯ ಬೆಂಚಿನ ಮೇಲೆ ಕೂತಿರುತ್ತಾನೆ.

ಕೊನೆಯ ವಾದ, ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಎಲ್ಲವೂ ಇದೆ ಎಂಬುದು. ನೋಂದಾಯಿತ ವ್ಯಾಪಾರಿಗಳಿಗೆ ಮಾರಿದ ಬಿಲ್ಲುಗಳು ಅಲ್ಲಿರುವುದು ನಿಜ. ನೀವು ಮಾರಿದಿರಿ, ಆದ್ದರಿಂದ ತೆರಿಗೆ ಕಟ್ಟಬೇಕು ಎಂಬುದು ಸರ್ಕಾರಕ್ಕೆ ಚೆನ್ನಾಗಿ ನೆನಪಿರುತ್ತದೆ. ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ ಎಂಬುದು ಅದಕ್ಕೆ ಬೇಡದ ಉಸಾಬರಿ. ಅಲ್ಲೂ ಉಳಿದದ್ದು ನಾವು ಕೊಡಬೇಕಾದ ಬಾಬ್ತೇ. ಜೊತೆಗೆ, ಅಪಘಾತದಲ್ಲೋ ಪ್ರಕೃತಿಯ ಕೋಪದಲ್ಲೋ ದಾಖಲೆ ನಾಶವಾದರೆ ಸೂಕ್ತ ಕಾಲದಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರತಕ್ಕದ್ದು ಎಂದು ಸಿಜಿಎಸ್‌ಟಿಯ 57ನೇ ನಿಯಮ ಹೇಳುತ್ತದೆ. ಹೊಳೆ ಬಂತು ಎಂಬ ಸಬೂಬಿಗೂ ಜಾಗವಿಲ್ಲ. ನಿಶ್ಚಿಂತೆಯಿಂದ ಇರುವವನು ಉಡುಪಿ ಹೋಟೆಲಿನ ಯಜಮಾನ ಒಬ್ಬನೇ: ಮೊದಲು ಟೋಕನ್, ಆಮೇಲೆ ಇಡ್ಲಿ. ಬರಬೇಕಾದದ್ದೇ ಇಲ್ಲದವನಿಗೆ ಕಳೆದುಕೊಳ್ಳಲು ಏನಿದೆ?

ಸಾಲ ಕೊಡದೆ ವ್ಯಾಪಾರ ಸಾಗದ ಉಳಿದವರು ಮಾಡಬಹುದಾದದ್ದು ಕಡಿಮೆ ಖರ್ಚಿನದು. ವಾರಕ್ಕೊಮ್ಮೆ ಪೂರ್ತಿ ಲೆಕ್ಕದ ಒಂದು ಪ್ರತಿ, ಬರಬೇಕಾದ ಬಾಕಿಯ ಪಟ್ಟಿ ಒಂದು ಹಾಳೆ. ಎರಡೂ ಅಂಗಡಿಯಲ್ಲಿರದೆ, ಈ ಊರಲ್ಲೂ ಇರದೆ, ಬೆಂಗಳೂರಿನ ಮಾವನ ಮನೆಯಲ್ಲಿರಲಿ. ಇದಕ್ಕೂ ಒಂದು ಆಕ್ಷೇಪ ಬರುತ್ತದೆ: ಅಳಿಯಂದಿರು ಊರಿಗೆಲ್ಲ ಎಷ್ಟು ಸಾಲ ಹಂಚಿ ಕೂತಿದ್ದಾರೆಂದು ಮಾವನವರಿಗೆ ತಿಳಿದುಹೋಗುವುದಿಲ್ಲವೇ? ತಿಳಿಯುತ್ತದೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಫೈಲಿಗೆ ಪಾಸ್‌ವರ್ಡ್ ಹಾಕಬಹುದು, ಹಾಳೆಗೆ ಹಾಕಲಾಗುವುದಿಲ್ಲ.